ಕಬ್ಬಿಣ ಕಡಿಮೆಯಾದರೆ ರೋಗಾಣು ಹೇಗೆ ಬೆಳೆಯುತ್ತದೆ: ಸೂಡೊಮೊನಾಸ್ ಇಟ್ಟುಕೊಂಡು ಮಾಡುವ ಪ್ರಯೋಗ

ಮನುಷ್ಯನ ದೇಹದಲ್ಲಿ 3ರಿಂದ 4 ಗ್ರಾಂ ಕಬ್ಬಿಣವಿದೆ. ಆದರೂ ಒಳಹೊಕ್ಕ ರೋಗಾಣುವಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ. ದೊಡ್ಡ ಪಾಲು ಹಿಮೋಗ್ಲೋಬಿನ್‌ನಲ್ಲಿ, ಮತ್ತಷ್ಟು ಕಬ್ಬಿಣ ಕೂಡಿಡುವ ಫೆರಿಟಿನ್ ಪ್ರೋಟೀನ್‌ನಲ್ಲಿ ಇರುತ್ತದೆ. ರಕ್ತದಲ್ಲಿ ಓಡಾಡುವ ಅಲ್ಪಸ್ವಲ್ಪವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಬಿಗಿಯಾಗಿ ಹಿಡಿದಿರುತ್ತದೆ. ಸೀರಂನಲ್ಲಿ ಬಿಡಿಯಾಗಿರುವ ಕಬ್ಬಿಣದ ಅಂದಾಜು 10⁻²⁴ ಮೋಲಾರ್. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಚೆನ್ನಾಗಿ ಬೆಳೆಯಲು 10⁻⁷ರಿಂದ 10⁻⁶ ಮೋಲಾರ್ ಬೇಕು. ಹಾಗಾಗಿ ಅವು ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ಹೊರಬಿಟ್ಟು ಕಬ್ಬಿಣವನ್ನು ಕಿತ್ತು ತರುತ್ತವೆ. ಸೂಡೊಮೊನಾಸ್ ಎರುಜಿನೋಸಾ ಎಂಬ ರೋಗಾಣುವಿನ ಸಿಡೆರೋಫೋರ್ ಪಯೋವರ್ಡಿನ್ ಹಳದಿ-ಹಸಿರು ಬಣ್ಣದ್ದು, ಯುವಿ ಬೆಳಕಿಗೆ ಹೊಳೆಯುತ್ತದೆ. ಕಬ್ಬಿಣದ ಹಸಿವು ಕಣ್ಣಿಗೇ ಕಾಣುವುದರಿಂದ ಈ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜೀವಿ ಸಿಗುವುದು ಕಷ್ಟ.

ಎರುಜಿನೋಸಾವನ್ನು ಜೈವಿಕ ಸುರಕ್ಷತೆಯ 2ನೇ ಹಂತದ ಲ್ಯಾಬ್‌ನಲ್ಲಿ ಮಾತ್ರ ಬೆಳೆಸಬೇಕು. ಆ ಸೌಲಭ್ಯವಿಲ್ಲದ ಕಾಲೇಜುಗಳಲ್ಲಿ ಸೂಡೊಮೊನಾಸ್ ಫ್ಲೋರೆಸೆನ್ಸ್ ಬಳಸಿ. ಅದೂ ಪಯೋವರ್ಡಿನ್ ಮಾಡುತ್ತದೆ, ತಾಪಮಾನ ಮಾತ್ರ 37ರ ಬದಲು 28 ಡಿಗ್ರಿ.

ಮೊದಲು ಬೇಡದ ಕಬ್ಬಿಣ ಹೊರಗೆ

ಈ ಪ್ರಯೋಗ ಕೆಟ್ಟರೆ ಕಾರಣ ಹೆಚ್ಚಾಗಿ ನೀವು ಹಾಕದೆಯೇ ಸೇರಿಕೊಂಡ ಕಬ್ಬಿಣ. ಗಾಜು, ನೀರು, ಸ್ಪ್ಯಾಚುಲಾ, ಆಟೋಕ್ಲೇವ್‌ನ ಹಬೆ, ಎಲ್ಲದರಿಂದಲೂ ಅದು ಬರುತ್ತದೆ. ಒಂದೆರಡು ಮೈಕ್ರೋಮೋಲಾರ್ ಸೇರಿದರೂ ಸಾಕು, ಕೊರತೆ ಇರಬೇಕಾದ ಟ್ಯೂಬ್‌ನಲ್ಲಿ ಕೊರತೆಯೇ ಇರುವುದಿಲ್ಲ.

ಸಾಧ್ಯವಾದಷ್ಟೂ ಹೊಸ ಪ್ಲಾಸ್ಟಿಕ್ ಟ್ಯೂಬ್ ಬಳಸಿ. ಗಾಜು ಅನಿವಾರ್ಯವಾದರೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು, ಡೀಅಯೊನೈಸ್ಡ್ ನೀರಿನಲ್ಲಿ ಐದಾರು ಸಲ ತೊಳೆಯಿರಿ. ಲೋಹದ ಬಟ್ಟಿ ಇಳಿಸುವ ಯಂತ್ರದಿಂದ ಬಂದ ಡಿಸ್ಟಿಲ್ಡ್ ನೀರು ಬೇಡ. ಮಾಧ್ಯಮವನ್ನು (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಆಟೋಕ್ಲೇವ್ ಮಾಡದೆ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಪಿಎಚ್ ಎಲೆಕ್ಟ್ರೋಡನ್ನು ಇಡೀ ಬಾಟಲಿಗೆ ಅದ್ದಬೇಡಿ; ಸ್ವಲ್ಪ ಪಕ್ಕಕ್ಕೆ ತೆಗೆದು ಅಳೆದು ಅದನ್ನು ಚೆಲ್ಲಿಬಿಡಿ. ಲೂಪ್ ಕೂಡ ಪ್ಲಾಸ್ಟಿಕ್‌ನದೇ ಇರಲಿ.

ಸಕ್ಸಿನೇಟ್ ಮಾಧ್ಯಮ, 1 ಲೀಟರ್‌ಗೆ: ಡೈಪೊಟ್ಯಾಸಿಯಂ ಫಾಸ್ಫೇಟ್ 6 ಗ್ರಾಂ, ಮೊನೊಪೊಟ್ಯಾಸಿಯಂ ಫಾಸ್ಫೇಟ್ 3 ಗ್ರಾಂ, ಅಮೋನಿಯಂ ಸಲ್ಫೇಟ್ 1 ಗ್ರಾಂ, ಹೆಪ್ಟಾಹೈಡ್ರೇಟ್ ಮೆಗ್ನೀಸಿಯಂ ಸಲ್ಫೇಟ್ 0.2 ಗ್ರಾಂ, ಸಕ್ಸಿನಿಕ್ ಆಮ್ಲ 4 ಗ್ರಾಂ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7.0ಕ್ಕೆ ತನ್ನಿ. ಇದಕ್ಕೆ ಕಬ್ಬಿಣ ಹಾಕುವುದಿಲ್ಲ. ಲವಣಗಳ ಜೊತೆ ಬರುವ ಅತ್ಯಲ್ಪ ಅಂಶವೇ ನಿಧಾನದ ಬೆಳವಣಿಗೆಗೆ ಸಾಕಾಗುತ್ತದೆ.

ಎರಡು ಸ್ಟಾಕ್‌ಗಳು (ಗಾಢ ದ್ರಾವಣಗಳು)

ಫೆರಸ್ ಸಲ್ಫೇಟ್, 10 ಮಿಲಿಮೋಲಾರ್: ಹೆಪ್ಟಾಹೈಡ್ರೇಟ್ 27.8 ಮಿ.ಗ್ರಾಂ ಅನ್ನು 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ 10 ಮಿ.ಲೀ.ಯಲ್ಲಿ ಕರಗಿಸಿ ಸೋಸಿ. ಆಮ್ಲ ಬಿಟ್ಟರೆ ಕಬ್ಬಿಣ ಗಾಳಿಗೆ ಉತ್ಕರ್ಷಿಸಿ ತುಕ್ಕಾಗಿ ತಳಕ್ಕಿಳಿಯುತ್ತದೆ, ಆಮೇಲೆ ನೀವು ಎಷ್ಟು ಹಾಕಿದಿರಿ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಪ್ರಯೋಗದ ದಿನವೇ ಮಾಡಿ, ಕಂದು ತಿರುಗಿದ್ದನ್ನು ಚೆಲ್ಲಿ.

2,2'-ಡೈಪಿರಿಡಿಲ್, 100 ಮಿಲಿಮೋಲಾರ್: 15.6 ಮಿ.ಗ್ರಾಂ ಅನ್ನು 1 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿ. ಇದರ 3 ಅಣುಗಳು 1 ಫೆರಸ್ ಅಯಾನನ್ನು ಹಿಡಿದು ಗುಲಾಬಿ-ಕೆಂಪು ಬಣ್ಣ ಕೊಡುತ್ತವೆ.

ಕಬ್ಬಿಣ ಹಿಡಿಯಲು ಡೆಸ್ಫೆರಿಯೊಕ್ಸಮಿನ್ (ದೇಹದ ಹೆಚ್ಚುವರಿ ಕಬ್ಬಿಣ ತೆಗೆಯುವ ಔಷಧ) ಆರಿಸಿಕೊಳ್ಳಬೇಡಿ. ಅದು ಮೂಲದಲ್ಲಿ ಒಂದು ಬ್ಯಾಕ್ಟೀರಿಯಾದ ಸಿಡೆರೋಫೋರ್. ಎರುಜಿನೋಸಾ ಅದನ್ನು ಕಬ್ಬಿಣದ ಸಮೇತ ಒಳಗೆಳೆದುಕೊಳ್ಳಬಲ್ಲದು. ಆಸ್ಪತ್ರೆಯಲ್ಲೂ ಇದೇ ಸಂಗತಿ ಗಂಭೀರವಾಗುತ್ತದೆ: ಥಲಸ್ಸೀಮಿಯಾ ರೋಗಿಗಳು ಈ ಔಷಧ ಪಡೆಯುವಾಗ ಯೆರ್ಸಿನಿಯಾ ಎಂಟೆರೊಕೊಲಿಟಿಕಾ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಅಪಾಯ ಹೆಚ್ಚು.

ಟ್ಯೂಬ್‌ಗಳು

50 ಮಿ.ಲೀ. ಟ್ಯೂಬ್‌ಗೆ 10 ಮಿ.ಲೀ. ಮಾಧ್ಯಮ, ಪ್ರತಿಯೊಂದೂ ಮೂರು ಪ್ರತಿ:

1. ಬರೀ ಮಾಧ್ಯಮ
2. ಕಬ್ಬಿಣದ ಸ್ಟಾಕ್ 50 ಮೈಕ್ರೋಲೀಟರ್ (50 ಮೈಕ್ರೋಮೋಲಾರ್)
3. ಎಥನಾಲ್ 20 ಮೈಕ್ರೋಲೀಟರ್ (ಡೈಪಿರಿಡಿಲ್ ಕರಗಿಸಿದ ದ್ರವದ ಪರಿಣಾಮ ನೋಡಲು)
4. ಡೈಪಿರಿಡಿಲ್ 20 ಮೈಕ್ರೋಲೀಟರ್ (200 ಮೈಕ್ರೋಮೋಲಾರ್)
5. ಡೈಪಿರಿಡಿಲ್ 20, ಜೊತೆಗೆ ಕಬ್ಬಿಣ 100 ಮೈಕ್ರೋಲೀಟರ್ (100 ಮೈಕ್ರೋಮೋಲಾರ್)

ಐದನೆಯದನ್ನು ಯಾವ ಕಾರಣಕ್ಕೂ ಬಿಡಬೇಡಿ. ಡೈಪಿರಿಡಿಲ್ ಸತು, ತಾಮ್ರವನ್ನೂ ಹಿಡಿಯುತ್ತದೆ, ಹೆಚ್ಚಾದರೆ ತಾನೇ ವಿಷವಾಗುತ್ತದೆ. ನಾಲ್ಕರಲ್ಲಿ ಬೆಳವಣಿಗೆ ಕುಗ್ಗಿದ್ದು ಕಬ್ಬಿಣದ ಕೊರತೆಯಿಂದಲೇ ಎಂದು ಹೇಳಬೇಕಾದರೆ, ಕಬ್ಬಿಣ ವಾಪಸ್ ಕೊಟ್ಟಾಗ ಅದು ಚೇತರಿಸಿಕೊಂಡಿದ್ದು ಕಾಣಬೇಕು. 200 ಮೈಕ್ರೋಮೋಲಾರ್ ಡೈಪಿರಿಡಿಲ್ ತುಂಬಲು ಸುಮಾರು 67 ಸಾಕು. 100 ಹಾಕುವುದು ಸ್ವಲ್ಪ ಮಿಗಲಿ ಎಂದು. ತಳಿಯಿಂದ ತಳಿಗೆ ಸಹಿಷ್ಣುತೆ ಬೇರೆಯಾಗುವುದರಿಂದ ಮೊದಲ ಸಲ 100, 200, 400 ಮೂರನ್ನೂ ನೋಡಿ, ಕಬ್ಬಿಣವನ್ನೂ ಅದೇ ಅನುಪಾತದಲ್ಲಿ (ಡೈಪಿರಿಡಿಲ್‌ನ ಅರ್ಧದಷ್ಟು) ಹೊಂದಿಸಿ. ಫಾಸ್ಫೇಟ್ ಇರುವ ಮಾಧ್ಯಮದಲ್ಲಿ ಕಬ್ಬಿಣ ಕೊಂಚ ಮಬ್ಬು ತರುತ್ತದೆ, ಐದರಲ್ಲಿ ಗುಲಾಬಿ ಬಣ್ಣವೂ ಇರುತ್ತದೆ. ಆದ್ದರಿಂದ ಪ್ರತಿ ಗುಂಪಿಗೂ ಬ್ಯಾಕ್ಟೀರಿಯಾ ಹಾಕದ ಅದರದೇ ಬ್ಲ್ಯಾಂಕ್ ಬೇಕು.

ಕಲ್ಚರನ್ನು ಎಲ್‌ಬಿಯಿಂದ (ಪೋಷಕಾಂಶ ಹೇರಳವಾಗಿರುವ ಸಾಮಾನ್ಯ ಮಾಧ್ಯಮ) ನೇರವಾಗಿ ಹಾಕಿದರೆ ಜೀವಕೋಶಗಳು ಒಳಗೆ ಕೂಡಿಟ್ಟ ಕಬ್ಬಿಣದ ಮೇಲೇ ಕೆಲವು ತಲೆಮಾರು ಬೆಳೆದುಬಿಡುತ್ತವೆ. ಹಿಂದಿನ ರಾತ್ರಿ ಸಕ್ಸಿನೇಟ್ ಮಾಧ್ಯಮದಲ್ಲೇ ಬೆಳೆಸಿ, ಎರಡು ಸಲ ಅದೇ ಮಾಧ್ಯಮದಲ್ಲಿ ತೊಳೆದು, ಆರಂಭದ ಓಡಿ (ಬೆಳೆದಷ್ಟೂ ಹೆಚ್ಚುವ ಮಬ್ಬಿನ ಅಳತೆ) 600 ನ್ಯಾನೋಮೀಟರ್‌ನಲ್ಲಿ 0.02 ಬರುವಷ್ಟು ಹಾಕಿ. ಮುಚ್ಚಳ ಸಡಿಲಿಸಿ, ಟ್ಯೂಬ್ ಓರೆಯಾಗಿಟ್ಟು 37 ಡಿಗ್ರಿಯಲ್ಲಿ ನಿಮಿಷಕ್ಕೆ 200 ಸುತ್ತಿನ ಶೇಕರ್‌ನಲ್ಲಿಡಿ.

ಓದುವುದು

ಗಂಟೆಗೊಮ್ಮೆ 10 ಗಂಟೆಯವರೆಗೆ, ಆಮೇಲೆ 24ಕ್ಕೆ ಓಡಿ ತೆಗೆಯಿರಿ, 0.4 ದಾಟಿದ್ದನ್ನು ತೆಳುಮಾಡಿ ಓದಿ. 24 ಗಂಟೆಗೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದ ಹೀರಿಕೆಯನ್ನು 405 ನ್ಯಾನೋಮೀಟರ್‌ನಲ್ಲಿ ಅಳೆದು ಓಡಿಯಿಂದ ಭಾಗಿಸಿ. ಒಂದನೇ ಟ್ಯೂಬ್ 365 ನ್ಯಾನೋಮೀಟರ್ ಟಾರ್ಚ್‌ಗೆ ಹೊಳೆಯಬೇಕು, ಎರಡನೆಯದು ಹೊಳೆಯಬಾರದು: ಕಬ್ಬಿಣ ಸಾಕಷ್ಟಿದ್ದಾಗ ಫರ್ ಎಂಬ ಬ್ಯಾಕ್ಟೀರಿಯಾದ ಪ್ರೋಟೀನ್ ಪಯೋವರ್ಡಿನ್ ಉತ್ಪಾದನೆಯನ್ನು ತಡೆಯುತ್ತದೆ. ಕಬ್ಬಿಣ ಕಚ್ಚಿಕೊಂಡ ಪಯೋವರ್ಡಿನ್ ಕೂಡ ಹೊಳೆಯುವುದಿಲ್ಲ, ಹಾಗಾಗಿ ಹೊಳಪೊಂದನ್ನೇ ನಂಬದೆ ಹೀರಿಕೆಯನ್ನೂ ನೋಡಿ. ಒಂದು, ಎರಡು ಒಂದೇ ತೆರನಾಗಿ ಬೆಳೆದು ಎರಡೂ ಬಣ್ಣವಿಲ್ಲದೆ ಉಳಿದರೆ ಮಾಧ್ಯಮದಲ್ಲಿ ಕಬ್ಬಿಣ ಸೇರಿದೆ. ನೀರಿನಿಂದ ಮತ್ತೆ ಶುರುಮಾಡಿ. ಐದು ಚೇತರಿಸದಿದ್ದರೆ ಕಬ್ಬಿಣದ ಸ್ಟಾಕ್ ಹಳೆಯದು, ಇಲ್ಲವೇ ಡೈಪಿರಿಡಿಲ್ ಅತಿಯಾಗಿದೆ.

ಕಡಿಮೆ ಬೆಳೆದಿದ್ದಕ್ಕೆ ಕಡಿಮೆ ಅಪಾಯಕಾರಿ ಎಂದು ಬರೆಯಬೇಡಿ. ಎರುಜಿನೋಸಾದ ಎಕ್ಸೊಟಾಕ್ಸಿನ್ ಎ, ಡಿಫ್ತೀರಿಯಾದ ವಿಷ, ಎರಡೂ ಕಬ್ಬಿಣ ಕಡಿಮೆಯಾದಾಗಲೇ ಹೆಚ್ಚು ತಯಾರಾಗುತ್ತವೆ. ಟ್ಯೂಬ್‌ನ ಫಲಿತಾಂಶ ನೋಡಿ ರಕ್ತಹೀನತೆಯ ಮಾತ್ರೆ ನಿಲ್ಲಿಸುವ ತೀರ್ಮಾನವನ್ನಂತೂ ಯಾರೂ ಮಾಡಬಾರದು. ಅದು ವೈದ್ಯರ ಕೆಲಸ.

ದೇಹಕ್ಕೆ ಇನ್ನಷ್ಟು ಹತ್ತಿರದ ಸ್ಥಿತಿ ಬೇಕಿದ್ದರೆ ಡೈಪಿರಿಡಿಲ್ ಬದಲು ಶೇ. 20 ಮನುಷ್ಯ ಸೀರಂ ಬಳಸಿ. ಮೊದಲು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಇಲ್ಲದಿದ್ದರೆ ಸೀರಂನಲ್ಲಿರುವ, ಬ್ಯಾಕ್ಟೀರಿಯಾ ಕೊಲ್ಲುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಕೊಂದದ್ದನ್ನು ಕಬ್ಬಿಣದ ಹಸಿವೆಂದು ಎಣಿಸುತ್ತೀರಿ. ಟ್ರಾನ್ಸ್‌ಫೆರಿನ್ ಕಬ್ಬಿಣ ಹಿಡಿಯಲು ಬೈಕಾರ್ಬೊನೇಟ್ ಬೇಕು. 20 ಮಿಲಿಮೋಲಾರ್ ಸೇರಿಸಿ. ಪೂರ್ಣ ಸೀರಂ ಹಿಡಿಯಬಲ್ಲ ಒಟ್ಟು ಕಬ್ಬಿಣ 45ರಿಂದ 70 ಮೈಕ್ರೋಮೋಲಾರ್, ಅಂದರೆ ಶೇ. 20ರಲ್ಲಿ ಹೆಚ್ಚೆಂದರೆ 14. ವಾಪಸ್ ಕೊಡುವ ಟ್ಯೂಬ್‌ಗೆ 20 ಮೈಕ್ರೋಮೋಲಾರ್ ಸಾಕು. ಮನುಷ್ಯ ಸೀರಂನಲ್ಲಿ ವೈರಸ್ ಇರಬಹುದೆಂದೇ ಭಾವಿಸಿ ಕೈಗವಸು ಹಾಕಿಕೊಳ್ಳಿ, ಅದು ತಗುಲಿದ ಟಿಪ್, ಟ್ಯೂಬ್ ಎಲ್ಲವನ್ನೂ 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಮಾಡಿಯೇ ಎಸೆಯಿರಿ.