ದಿನಾ ಆಸ್ಪಿರಿನ್ ನುಂಗಬೇಕಾ? ಸಂಶೋಧನೆಯ ಸುದ್ದಿ ಅಳೆಯುವುದು ಹೀಗೆ

‘ಐವತ್ತು ದಾಟಿತಲ್ವಾ, ದಿನಾ ಒಂದು ಆಸ್ಪಿರಿನ್ ತಗೊಳ್ಳಿ, ಹಾರ್ಟಿಗೆ ಒಳ್ಳೇದು.’ ವಾಕಿಂಗ್ ಗೆಳೆಯರು, ವಾಟ್ಸ್ಆ್ಯಪ್ ಗ್ರೂಪು, ನೆಂಟರಿಷ್ಟರು ಎಲ್ಲರೂ ಕೊಡುವ ಸಲಹೆ ಇದು. ಇದರ ಹಿಂದೆ ನಿಜವಾದ ಸಂಶೋಧನೆಯೇ ಇದೆ. ಆದರೆ ಆ ಸಂಶೋಧನೆ ನಿಮ್ಮಂಥವರ ಮೇಲೆ ನಡೆದದ್ದೇ ಎಂದು ಯಾರೂ ಕೇಳುವುದಿಲ್ಲ.

ಮೊದಲು ಕೇಳಬೇಕಾದದ್ದು ಅದನ್ನೇ. 1980ರ ದಶಕದಲ್ಲಿ ಅಮೆರಿಕದ 22,071 ಪುರುಷ ಡಾಕ್ಟರುಗಳು ಒಂದು ದೊಡ್ಡ ಅಧ್ಯಯನಕ್ಕೆ ಒಪ್ಪಿದರು. 40ರಿಂದ 84 ವಯಸ್ಸಿನವರು, ಅದುವರೆಗೆ ಹಾರ್ಟ್ ಅಟ್ಯಾಕ್ ಆಗದವರು. ಹೆಂಗಸರು ಒಬ್ಬರೂ ಇರಲಿಲ್ಲ.

ಎರಡನೆಯದಾಗಿ, ಯಾರ ಜೊತೆ ಹೋಲಿಸಿದರು ನೋಡಿ. ಇಲ್ಲಿ ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ದಿನ ಬಿಟ್ಟು ದಿನ ಆಸ್ಪಿರಿನ್, ಉಳಿದವರಿಗೆ ನೋಡಲು ಹಾಗೇ ಇರುವ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿರಲಿಲ್ಲ. ‘ನಮ್ಮ ಮಾವ ತಗೊಂಡು ಚೆನ್ನಾಗಿದ್ದಾರೆ’ ಎನ್ನುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮಾತ್ರೆ ಇಲ್ಲದೆಯೂ ಮಾವ ಚೆನ್ನಾಗಿರುತ್ತಿದ್ದರೋ ಏನೋ, ಯಾರಿಗೆ ಗೊತ್ತು?

ಈಗ ಮುಖ್ಯವಾದ ಹೆಜ್ಜೆ. ಶೇಕಡಾ ಲೆಕ್ಕವನ್ನು ತಲೆ ಲೆಕ್ಕ ಮಾಡಿಕೊಳ್ಳಿ. ‘ಹಾರ್ಟ್ ಅಟ್ಯಾಕ್ ಶೇ 44ರಷ್ಟು ಕಡಿಮೆ’ ಎಂಬುದು ಆ ಅಧ್ಯಯನದ ಫಲಿತಾಂಶ. ಕೇಳಿದರೆ ಅರ್ಧಕ್ಕರ್ಧ ಜನ ಬಚಾವಾದರು ಅನ್ನಿಸುತ್ತದೆ, ಅಲ್ವಾ? ಸುಮಾರು ಐದು ವರ್ಷಗಳಲ್ಲಿ ಆಸ್ಪಿರಿನ್ ತೆಗೆದುಕೊಂಡ 11,037 ಜನರಲ್ಲಿ 139 ಮಂದಿಗೆ ಹಾರ್ಟ್ ಅಟ್ಯಾಕ್ ಆಯಿತು. ತೆಗೆದುಕೊಳ್ಳದ 11,034 ಜನರಲ್ಲಿ 239 ಮಂದಿಗೆ. ಅಂದರೆ ಸಾವಿರ ಜನ ಐದು ವರ್ಷ ನುಂಗಿದರೆ ಸುಮಾರು ಒಂಬತ್ತು ಮಂದಿಗೆ ಲಾಭ. ಸುಳ್ಳು ಎಲ್ಲೂ ಇಲ್ಲ, ಆದರೆ ಶೇ 44 ಮಾತ್ರ ಬರೆದು ಈ ಒಂಬತ್ತನ್ನು ಬಿಡುವುದು ಓದುಗರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸತ್ತವರ ಸಂಖ್ಯೆಯಲ್ಲಂತೂ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ.

ಆಮೇಲೆ ಹಾನಿಯನ್ನೂ ಅದೇ ಥರ ಎಣಿಸಿ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಹೃದಯದ ರಕ್ತನಾಳದಲ್ಲಿ ಅದು ಒಳ್ಳೇದು. ಹೊಟ್ಟೆಯೊಳಗೆ ಹುಣ್ಣಿದ್ದರೆ ಅದೇ ಗುಣ ರಕ್ತ ನಿಲ್ಲದಂತೆ ಮಾಡುತ್ತದೆ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,114 ಹಿರಿಯರ ಮೇಲೆ ನಡೆದ ‘ಆಸ್ಪ್ರೀ’ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಇವರಲ್ಲಿ ಬಹುತೇಕರು 70 ದಾಟಿದವರು, ಹೃದ್ರೋಗ ಇಲ್ಲದವರು. ದಿನಾ 100 ಮಿಲಿಗ್ರಾಂ ಕೊಟ್ಟರೂ ಹೃದಯಕ್ಕೆ ಗಮನಾರ್ಹ ಲಾಭ ಕಾಣಲಿಲ್ಲ. ತೀವ್ರ ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು: ಆಸ್ಪಿರಿನ್ ಗುಂಪಿನಲ್ಲಿ 361 ಮಂದಿಗೆ, ಇನ್ನೊಂದರಲ್ಲಿ 265 ಮಂದಿಗೆ. ಹೃದ್ರೋಗ ತಡೆಯಲೆಂದು 60 ದಾಟಿದವರು ಹೊಸದಾಗಿ ಆಸ್ಪಿರಿನ್ ಶುರು ಮಾಡುವುದು ಬೇಡ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2022ರಲ್ಲಿ ಹೇಳಿತು.

ಹಾಗಾದರೆ ಮಾತ್ರೆ ಕೆಟ್ಟದ್ದಾ? ಖಂಡಿತ ಅಲ್ಲ. 1988ರ ‘ಐಸಿಸ್-2’ ಅಧ್ಯಯನ ಹಾರ್ಟ್ ಅಟ್ಯಾಕ್ ಆಗಿದೆ ಎಂಬ ಶಂಕೆಯಿಂದ ಆಸ್ಪತ್ರೆ ಸೇರಿದ 17,187 ಜನರ ಮೇಲೆ ನಡೆಯಿತು. ಐದು ವಾರಗಳಲ್ಲಿ ಹೃದಯ, ರಕ್ತನಾಳದ ಕಾರಣದಿಂದ ಸತ್ತವರು ಆಸ್ಪಿರಿನ್ ಪಡೆದವರಲ್ಲಿ ಶೇ 9.4, ಪಡೆಯದವರಲ್ಲಿ ಶೇ 11.8. ಸಾವಿರಕ್ಕೆ ಸುಮಾರು 24 ಜೀವ! ಮಾತ್ರೆ ಅದೇ, ನುಂಗುವವರು ಬೇರೆ.

ಆದ್ದರಿಂದ ಹಾರ್ಟ್ ಅಟ್ಯಾಕ್ ಆಗಿದ್ದವರು, ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಈ ಲೇಖನ ಓದಿ ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಅದು ಅಪಾಯ. ಆರೋಗ್ಯವಾಗಿದ್ದೂ ದಿನಾ ನುಂಗುತ್ತಿರುವವರು ಮುಂದಿನ ಸಲ ಡಾಕ್ಟರನ್ನು ಕಂಡಾಗ ಬಿಪಿ, ಶುಗರ್, ಕೊಲೆಸ್ಟ್ರಾಲ್ ರಿಪೋರ್ಟ್ ಜೊತೆಗಿರಲಿ. ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿತ್ತಾ, ಮಂಡಿ ನೋವಿಗೆ ಬೇರೆ ಮಾತ್ರೆ ತಗೊಳ್ತಿದ್ದೀರಾ, ಎಲ್ಲ ಹೇಳಿ. ‘ನನ್ನಂಥ ಸಾವಿರ ಜನರಲ್ಲಿ ಎಷ್ಟು ಮಂದಿಗೆ ಲಾಭ, ಎಷ್ಟು ಮಂದಿಗೆ ರಕ್ತಸ್ರಾವ?’ ಎಂದು ಸಂಕೋಚವಿಲ್ಲದೆ ಕೇಳಿ. ಈ ನಡುವೆ ಮಲ ಡಾಂಬರಿನಂತೆ ಕಪ್ಪಾದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.