ಹರ್2 ರಿಪೋರ್ಟ್ ಸರಿ ಬರಬೇಕಾದರೆ ಮೊದಲು ಫಾರ್ಮಲಿನ್ ಡಬ್ಬಿ ನೋಡಿ

ಮೈಸೂರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ನನ್ನ ಕೆಲಸ. ಸ್ತನ ಕ್ಯಾನ್ಸರ್ ಗಡ್ಡೆಯ ತುಂಡುಗಳಲ್ಲಿ ಇಆರ್, ಪಿಆರ್ (ಹಾರ್ಮೋನ್ ಹಿಡಿಯುವ ಪ್ರೋಟೀನುಗಳು), ಹರ್2 (ಕ್ಯಾನ್ಸರ್ ಬೆಳೆಸುವ ಇನ್ನೊಂದು ಪ್ರೋಟೀನ್) ನೋಡಿ ರಿಪೋರ್ಟ್ ಕೊಡುತ್ತೇನೆ. ಯಾವ ಔಷಧಿ ಕೊಡಬೇಕು ಅನ್ನೋದು ಇದರ ಮೇಲೆ ನಿಂತಿದೆ. "ನಿಮ್ಮಲ್ಲಿ ಯಾವ ಮೆಷಿನ್ ಇದೆ?" ಅಂತ ಎಲ್ಲರೂ ಕೇಳುತ್ತಾರೆ. ಗಡ್ಡೆ ತೆಗೆದು ಎಷ್ಟು ಹೊತ್ತಿಗೆ, ತುಂಡು ಕೆಡದಂತೆ ಹಿಡಿದಿಡುವ ದ್ರಾವಣವಾದ ಫಾರ್ಮಲಿನ್‌ಗೆ ಬಿತ್ತು ಅಂತ ಯಾರೂ ಕೇಳಲ್ಲ. ರಿಪೋರ್ಟ್ ಕೆಡುವುದು ಜಾಸ್ತಿ ಅಲ್ಲೇ.

ನಿಯಮ ಸುಲಭ. ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಆದರೆ ಮಂಡ್ಯ ಕಡೆಯ ಒಂದು ನರ್ಸಿಂಗ್ ಹೋಮಿನಿಂದ ಬರುತ್ತಿದ್ದ ಸ್ಯಾಂಪಲ್ ನೋಡಬೇಕಿತ್ತು. ಶನಿವಾರ ಆಪರೇಷನ್, ಇಡೀ ಸ್ತನವನ್ನು ಸಣ್ಣ ಡಬ್ಬಿಗೆ ತುರುಕಿ, ಮೇಲೆ ಒಂದಿಷ್ಟು ಫಾರ್ಮಲಿನ್ ಸುರಿದು, ಸೋಮವಾರ ಯಾರದೋ ಕೈಯಲ್ಲಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಫಾರ್ಮಲಿನ್ ಒಳಗೆ ಇಳಿಯುವುದು ಗಂಟೆಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಹೊರಗೆ ಗಟ್ಟಿಯಾಗಿರುತ್ತದೆ, ಒಳಗೆ ಗಡ್ಡೆ ಇರುವ ಜಾಗ ಹಸಿಹಸಿ. ಅಂಥದರಲ್ಲಿ ಇಆರ್ ಇದ್ದರೂ ಇಲ್ಲ ಅಂತ ಬರಬಹುದು, ಆಮೇಲೆ ಆ ಹೆಂಗಸಿಗೆ ಟ್ಯಾಮಾಕ್ಸಿಫೆನ್ ಥರದ ಮಾತ್ರೆಯೇ ತಪ್ಪಿಹೋಗುತ್ತದೆ.

ಹಾಗಾಗಿ ಫಾರಂನಲ್ಲಿ ಎರಡು ಕಾಲಂ ಸೇರಿಸಿದೆ: ಗಡ್ಡೆ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ. ಓಟಿ ಸಿಸ್ಟರ್‌ಗಳಿಗೆ ಫೋನ್ ಮಾಡಿ ವಿವರಿಸಿದೆ, ಅವರು ಬೇಗ ಹಿಡಿದುಕೊಂಡರು. (ಸರ್ಜನ್‌ಗಳಿಗೆ ಸ್ವಲ್ಪ ಟೈಮ್ ಹಿಡಿಯಿತು, ಸೀಳಿದರೆ ಗಡ್ಡೆ ಪೂರ್ತಿ ಬಂದಿದೆಯಾ ಅಂತ ನೋಡುವ ಅಂಚು ಕೆಡುತ್ತದೆ ಅನ್ನೋ ಭಯ.) ದಿಕ್ಕು ಗೊತ್ತಾಗುವಂತೆ ಹೊಲಿಗೆ ಹಾಕಿ, ಹಿಂಭಾಗದಿಂದ ಗಡ್ಡೆಯವರೆಗೆ ಸೀಳಿ, ಅಗಲ ಬಾಯಿಯ ಡಬ್ಬಿಯಲ್ಲಿ ಹತ್ತುಪಟ್ಟು ಫಾರ್ಮಲಿನ್ ಹಾಕಿ ಅಂದೆ. ಅದಕ್ಕಿಂತ ಒಳ್ಳೆಯದು, ಆಪರೇಷನ್‌ಗೆ ಮುಂಚಿನ ಸೂಜಿ ಬಯಾಪ್ಸಿಯಲ್ಲೇ ಈ ಟೆಸ್ಟ್ ಮಾಡಿಸುವುದು. ತುಂಡು ತೆಳ್ಳಗಿರುವುದರಿಂದ ಫಾರ್ಮಲಿನ್ ಚೆನ್ನಾಗಿ ಇಳಿಯುತ್ತದೆ.

ಸ್ಟೈನ್ (ಈ ಪ್ರೋಟೀನ್ ಇರುವ ಕಡೆ ಬಣ್ಣ ಹತ್ತಿಸುವುದು) ಆದ ಮೇಲೆ ನಾನು ಮೊದಲು ಕ್ಯಾನ್ಸರ್ ನೋಡಲ್ಲ, ಪಕ್ಕದ ಮಾಮೂಲಿ ಹಾಲಿನ ನಾಳ ನೋಡುತ್ತೇನೆ, ಅದರಲ್ಲಿ ಇಆರ್ ಸಾಮಾನ್ಯವಾಗಿ ಇರುತ್ತದೆ. ಇಆರ್ ಸ್ಟೈನ್ ಅದರಲ್ಲೂ ಹತ್ತಿಲ್ಲ ಅಂದರೆ ನೆಗೆಟಿವ್ ಅಂತ ಬರೆಯಲ್ಲ, ಬೇರೆ ಬ್ಲಾಕಿನಲ್ಲಿ (ಮೇಣದಲ್ಲಿ ಕೂರಿಸಿದ ಬೇರೆ ತುಂಡು) ಮತ್ತೆ ಮಾಡಿಸುತ್ತೇನೆ. ಹರ್2 ಉಲ್ಟಾ. ಮಾಮೂಲಿ ನಾಳವೇ ಗಾಢವಾಗಿ ಕಂಡರೆ ಸ್ಟೈನ್ ಜಾಸ್ತಿ ಆಗಿದೆ ಅಂತ ಅರ್ಥ.

ಹರ್2 ಸ್ಟೈನ್‌ಗೆ 0ಯಿಂದ 3+ವರೆಗೆ ಅಂಕ ಕೊಡುತ್ತೇವೆ, ತಲೆನೋವು 2+ನದು. "ಎರಡು ಪ್ಲಸ್ ಅಂದ್ರೆ ಎರಡನೇ ಸ್ಟೇಜಾ ಮೇಡಂ?" ಅಂತ ಮನೆಯವರು ಗಾಬರಿಯಲ್ಲಿ ಕೇಳುತ್ತಾರೆ. ಅಲ್ಲ, ಸ್ಟೇಜೇ ಬೇರೆ. ಸ್ಟೈನ್‌ನಿಂದ ಹೌದು ಅಲ್ಲ ಹೇಳಲಾಗಲಿಲ್ಲ ಅಂತ ಅಷ್ಟೇ. 0, 1+ ನೆಗೆಟಿವ್, 3+ ಪಾಸಿಟಿವ್, ನಡುವಿನದಕ್ಕೆ ಫಿಶ್ ಟೆಸ್ಟ್ (ಜೀನನ್ನು ಹೊಳೆಯುವ ಚುಕ್ಕಿಯಾಗಿ ತೋರಿಸುವ ಟೆಸ್ಟ್) ಬೇಕು. ಹರ್2 ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ. ಕನಿಷ್ಠ 20 ಜೀವಕೋಶಗಳಲ್ಲಿ ಜೀನಿನ ಚುಕ್ಕಿ ಮತ್ತು ಕ್ರೋಮೋಸೋಮಿನ ಚುಕ್ಕಿ ಎಣಿಸುತ್ತಾರೆ. ಅನುಪಾತ 2 ಅಥವಾ ಹೆಚ್ಚು, ಜೀನಿನ ಸರಾಸರಿ 4 ಅಥವಾ ಹೆಚ್ಚು ಇದ್ದರೆ ಪಾಸಿಟಿವ್.

ನಮ್ಮಲ್ಲಿ 2+, 3+ ಸ್ಲೈಡುಗಳನ್ನು ಇಬ್ಬರು ಬೇರೆ ಬೇರೆಯಾಗಿ ನೋಡುತ್ತೇವೆ. ಮಾತು ಕೂಡದಿದ್ದರೆ ಫಿಶ್‌ಗೆ ಕಳಿಸುತ್ತೇವೆ. ಖರ್ಚು ಅಂತ ಬೇಸರ ಮಾಡಿಕೊಳ್ಳುವವರಿಗೆ ನಾನು ಹೇಳುವುದಿಷ್ಟೆ: ಹರ್2 ಪಾಸಿಟಿವ್ ಆದವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಸಾಮಾನ್ಯವಾಗಿ ವರ್ಷ ಪೂರ್ತಿ ಕೊಡುವ ಔಷಧಿ, ನಡುನಡುವೆ ಹೃದಯಕ್ಕೆ ಎಕೋ ಮಾಡಿಸುತ್ತಿರಬೇಕು, ಸುಮ್ನೆ ಅಂದಾಜಿನ ಮೇಲೆ ಶುರು ಮಾಡುವಂಥದ್ದಲ್ಲ.

ಮೂಳೆಗೆ ಹರಡಿದ ಕೇಸಾದರೆ ಇನ್ನೊಂದು ಮಾತು. ಮೂಳೆ ಮೆತ್ತಗಾಗಲಿ ಅಂತ ಗಟ್ಟಿ ಆಸಿಡ್‌ನಲ್ಲಿ ಹಾಕಿದರೆ ಡಿಎನ್ಎ ಹಾಳಾಗಿ ಫಿಶ್ ಬರುವುದೇ ಇಲ್ಲ. ಇಡಿಟಿಎ (ಮೂಳೆಯ ಕ್ಯಾಲ್ಸಿಯಂ ಮೆಲ್ಲಗೆ ತೆಗೆಯುವ ರಾಸಾಯನಿಕ) ನಿಧಾನ, ಆದರೂ ನಾವು ಅದನ್ನೇ ಬಳಸುತ್ತೇವೆ, ರಿಪೋರ್ಟ್ ತಡ ಆಗುತ್ತದೆ ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡುತ್ತೇವೆ.