ಮುಲಾಮು ಆಮೇಲೆ, ಮೊದಲು ಕಲೆ ಯಾವುದು ನೋಡಿ

ಮಿರ್ಗದ ಮಳೆ ಹಿಡಿದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಔಷಧಿ ಅಂಗಡಿಗಳಲ್ಲಿ ಒಂದೇ ಮಾತು: "ತುರಿಕೆಗೆ ಒಂದು ಟ್ಯೂಬ್ ಕೊಡಿ." ಎಲ್ಲಿ, ಯಾವಾಗಿಂದ ಅಂತ ಯಾರೂ ಕೇಳುವುದಿಲ್ಲ. ಆ ಟ್ಯೂಬ್ ಅಪ್ಪನ ತೊಡೆಸಂದಿಗೂ ಆಯಿತು, ಮಗಳ ಮೊಡವೆ ಕಲೆಗೂ ಆಯಿತು, ಮೊಮ್ಮಗನ ಕೆನ್ನೆಯ ಬಿಳಿ ಕಲೆಗೂ ಆಯಿತು. ಮೂರೂ ಬೇರೆ ಬೇರೆ ತೊಂದರೆ. ಒಂದೇ ಔಷಧಿ ಹೇಗೆ ನಾಟೀತು?

ಹೆಜ್ಜೆ 1: ಹಗಲು ಬೆಳಕಲ್ಲಿ ನೋಡಿ

ಬಿಳಿ ಕಲೆ ಕಂಡ ಕೂಡಲೇ ಎಲ್ಲರಿಗೂ ತೊನ್ನಿನ ಹೆದರಿಕೆ. ತೊನ್ನು ಹಾಲಿನಷ್ಟು ಬಿಳಿ ಇರುತ್ತದೆ, ಹೊಟ್ಟು ಏಳುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಅನ್ನುವುದು ಶುದ್ಧ ಸುಳ್ಳು. ದೇಹದ ರೋಗನಿರೋಧಕ ಶಕ್ತಿಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿ ಬೀಳುವುದರಿಂದ ಅದು ಬರುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ಬೇಗ ಚರ್ಮದ ವೈದ್ಯರಿಗೆ ತೋರಿಸಿದಷ್ಟು ಒಳ್ಳೆಯದು.

ಎದೆ, ಬೆನ್ನು, ಕುತ್ತಿಗೆಯಲ್ಲಿ ಮಾಸಲು ಬಿಳಿ ಅಥವಾ ಕಂದು ಚುಕ್ಕೆಗಳಿದ್ದು, ಉಗುರಿಂದ ಮೆಲ್ಲಗೆ ಕೆರೆದಾಗ ಸಣ್ಣ ಹೊಟ್ಟು ಎದ್ದರೆ ಅದು ಚಿಬ್ಬು. ಎಲ್ಲರ ಚರ್ಮದ ಮೇಲೂ ಇರುವ ಒಂದು ಯೀಸ್ಟ್ (ಕಣ್ಣಿಗೆ ಕಾಣದ ಶಿಲೀಂಧ್ರ, ಅಂದರೆ ಫಂಗಸ್) ಸೆಕೆಗೆ, ಬೆವರಿಗೆ ಜಾಸ್ತಿಯಾದಾಗ ಬರುವಂಥದ್ದು. ಕೀಟೋಕೊನಜೋಲ್ 2% ಶಾಂಪೂವನ್ನು ಅಲ್ಲಿಗೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ಹೀಗೆ 5 ದಿನ ಮಾಡಿ. ಮೈಗೆ ಎಣ್ಣೆ ಹಚ್ಚುವುದನ್ನು ಅಷ್ಟು ದಿನ ಬಿಡಿ, ಆ ಯೀಸ್ಟ್‌ಗೆ ಎಣ್ಣೆಯೇ ಊಟ. ಯೀಸ್ಟ್ ಸತ್ತ ಮೇಲೂ ಬಣ್ಣ ಮರಳಲು ತಿಂಗಳುಗಳೇ ಬೇಕು. ಇದು ಗೊತ್ತಿಲ್ಲದೆ ಔಷಧಿ ನಾಟಲಿಲ್ಲ ಅಂತ ಜನ ಅಂಗಡಿ ಬದಲಿಸುತ್ತಾರೆ.

ಮಕ್ಕಳ ಕೆನ್ನೆಯ ಮಾಸಲು ಕಲೆಗೂ ಹೊಟ್ಟೆಯ ಜಂತುಹುಳಕ್ಕೂ ಸಂಬಂಧ ಇಲ್ಲ. ಅದು ಹೆಚ್ಚಾಗಿ ಒಣ ಚರ್ಮದ್ದು. ಕೊಬ್ಬರಿ ಎಣ್ಣೆಯೋ ಮುರುಗಲು ತುಪ್ಪವೋ ಸವರಿ, ತಾನೇ ಹೋಗುತ್ತದೆ.

ಒಂದು ಪರೀಕ್ಷೆ ಮಾತ್ರ ಬಿಡಬೇಡಿ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕಲೆಯನ್ನು ಮುಟ್ಟಿ. ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠದ ಅನುಮಾನ. ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಔಷಧಿ ಉಚಿತ, 6ರಿಂದ 12 ತಿಂಗಳು ತಗೊಂಡರೆ ಪೂರ್ತಿ ವಾಸಿ.

ಹೆಜ್ಜೆ 2: ಗಜಕರ್ಣ

ಎಲ್ಲರೂ ಎಡವುವುದು ಇಲ್ಲೇ. ಬಳೆಯ ಹಾಗೆ ದುಂಡಗೆ, ಅಂಚು ಕೆಂಪಗೆ ಉಬ್ಬಿ, ನಡು ತಿಳಿಯಾಗಿ, ರಾತ್ರಿ ನಿದ್ದೆಗೆಡಿಸುವಷ್ಟು ತುರಿಕೆ ಇದ್ದರೆ ಅದು ಗಜಕರ್ಣ, ಅಂದರೆ ಹುಳುಕಡ್ಡಿ. ಇದೂ ಒಂದು ಶಿಲೀಂಧ್ರದಿಂದಲೇ ಬರುವಂಥದ್ದು. ಅಡಿಕೆ ತೋಟದಲ್ಲಿ ಇಡೀ ದಿನ ಒದ್ದೆ ಚಡ್ಡಿಯಲ್ಲೇ ಕೆಲಸ ಮಾಡುವವರಿಗೆ, ದೋಣಿಯಿಂದ ಇಳಿದು ಒದ್ದೆ ಬಟ್ಟೆಯಲ್ಲೇ ಇರುವವರಿಗೆ ಇದು ತಪ್ಪಿದ್ದಲ್ಲ.

ಟ್ಯೂಬ್ ಕೊಳ್ಳುವ ಮೊದಲು ಅದರ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಇವುಗಳಲ್ಲಿ ಒಂದಾದರೂ ಕಂಡರೆ ವಾಪಸ್ ಕೊಡಿ. ಇವು ಸ್ಟಿರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಅದಕ್ಕೇ ಜನ ಮರುಳಾಗುವುದು. ಕೆಂಪು ಅಡಗುತ್ತದೆ, ಒಳಗೆ ಶಿಲೀಂಧ್ರ ಹಾಯಾಗಿ ಹರಡುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತದೆ. ಆಗ ದುಂಡನೆ ಆಕಾರವೂ ಉಳಿದಿರುವುದಿಲ್ಲ, ವೈದ್ಯರಿಗೂ ಗುರುತಿಸುವುದು ಕಷ್ಟ. ತೊಡೆಸಂದಿಯ ಚರ್ಮ ತೆಳ್ಳಗಾಗಿ ಬೀಳುವ ಬರೆಗಳು ಮತ್ತೆ ಹೋಗುವುದಿಲ್ಲ. ಸ್ಟಿರಾಯ್ಡ್ ಮುಲಾಮುಗಳನ್ನು 2018ರಲ್ಲೇ ಸರ್ಕಾರ ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೈಗೆ ಸಿಗುತ್ತವೆ.

ಬರೀ ಕ್ಲೋಟ್ರಿಮಜೋಲ್ ಇರುವ ಮುಲಾಮು ಸಾಕು. ಸಾಬೂನು ಹಾಕಿ ತೊಳೆಯಿರಿ, ಪೂರ್ತಿ ಒರೆಸಿ, ಒಂದೆರಡು ನಿಮಿಷ ಗಾಳಿಗೆ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ದುಡ್ಡು ದಂಡ. ಕಲೆಯ ಅಂಚಿನಿಂದ ಎರಡು ಬೆರಳು ಆಚೆಯಿಂದ ಶುರು ಮಾಡಿ ಒಳಮುಖವಾಗಿ ಹಚ್ಚುತ್ತಾ ಬನ್ನಿ, ಏಕೆಂದರೆ ಶಿಲೀಂಧ್ರ ಕಣ್ಣಿಗೆ ಕಾಣುವ ಗೆರೆಯನ್ನು ದಾಟಿ ಹೋಗಿರುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ತುರಿಕೆ ನಿಂತಿತು ಅಂತ ವಾರಕ್ಕೇ ಬಿಡಬೇಡಿ. ಕಲೆ ಪೂರ್ತಿ ಹೋದ ಮೇಲೂ ಎರಡು ವಾರ ಹಚ್ಚಿ. ಮನೆಯಲ್ಲಿ ಇನ್ಯಾರಿಗೆ ಇದ್ದರೂ ಜೊತೆಗೇ ಶುರು ಮಾಡಲಿ, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಟವೆಲ್ ಬೇರೆ ಬೇರೆ ಇರಲಿ.

ಬಟ್ಟೆಯದ್ದೇ ದೊಡ್ಡ ತಲೆನೋವು. ಆಷಾಢದಲ್ಲಿ ಚಡ್ಡಿ ಒಣಗಬೇಕಲ್ಲ! ಬಿಸಿನೀರಲ್ಲಿ ಒಗೆದು, ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ ಒಣಗಿಸಿ, ಸೊಂಟಪಟ್ಟಿಗೂ ಹೊಲಿಗೆಗೂ ಇಸ್ತ್ರಿ ತಿಕ್ಕಿ. ಅರೆಬರೆ ಒಣಗಿದ್ದನ್ನು ಹಾಕಿಕೊಳ್ಳಬೇಡಿ. ಮುಲಾಮು ಹಚ್ಚಿ ಎರಡು ವಾರವಾದರೂ ಗಜಕರ್ಣ ಜಗ್ಗದಿದ್ದರೆ, ಅಥವಾ ಮೈಯೆಲ್ಲ ಹರಡಿದ್ದರೆ, ಮಾತ್ರೆ ಬೇಕಾದೀತು. ಅದನ್ನು ವೈದ್ಯರೇ ಬರೆಯಲಿ.

ಹೆಜ್ಜೆ 3: ಮುಖದ ಕಪ್ಪು

ಕೆನ್ನೆ, ಹಣೆ, ಮೇಲ್ತುಟಿಯ ಮೇಲಿನ ಕಂದು ಬಂಗು ಬಿಸಿಲಿಗೆ, ಬಸಿರಲ್ಲಿ, ಕೆಲವರಿಗೆ ಗರ್ಭನಿರೋಧಕ ಮಾತ್ರೆಯಿಂದ ಹೆಚ್ಚುತ್ತದೆ. ನನ್ನ ಕೇಳಿದರೆ ಮೊದಲ ಔಷಧಿ ಕೊಡೆ, ಎರಡನೆಯದು ಸನ್‌ಸ್ಕ್ರೀನ್. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕಿ) 30 ಅಥವಾ ಅದಕ್ಕಿಂತ ಹೆಚ್ಚಿನದು, ಎರಡು ಬೆರಳುದ್ದ ಹಿಂಡಿ. ಬಿಸಿಲಲ್ಲಿ ಮೀನು ಮಾರುವವರು ಬೆವರಿದ ಮೇಲೆ ಮತ್ತೆ ಹಚ್ಚಬೇಕು. ಹೆಸರು ವಿಳಾಸ ಇಲ್ಲದ ಬೆಳ್ಳಗಾಗುವ ಕ್ರೀಮ್ ಬೇಡವೇ ಬೇಡ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದುಂಟು, ಅದು ಕಿಡ್ನಿಗೇ ಹೊಡೆಯುತ್ತದೆ. ಮೊಡವೆ ಕಲೆಗೆ ನಿಂಬೆರಸವೂ ಬೇಡ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ. ಮೊಡವೆ ಚಿವುಟದಿದ್ದರೆ ಅರ್ಧ ಕೆಲಸ ಆಯಿತು.

ಹೆಜ್ಜೆ 4: ಮಚ್ಚೆ

ಸುಮ್ನೆ ಬಿಡಿ. ಸುಣ್ಣ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಿಡುವುದು ಈಗಲೂ ನಡೆಯುತ್ತದೆ. ಮಚ್ಚೆ ಹೋಗಿ ಸುಟ್ಟ ಗಾಯ ಉಳಿಯುತ್ತದೆ. ಆದರೆ ಮಚ್ಚೆ ಬೆಳೆಯುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಬಣ್ಣ ಎರಡು ಮೂರಿದ್ದರೆ, 6 ಮಿಲಿಮೀಟರ್ ದಾಟಿದ್ದರೆ, ರಕ್ತ ಬಂದರೆ ತಡ ಮಾಡದೆ ತೋರಿಸಿ. ನಮ್ಮಂಥ ಕಂದು ಚರ್ಮದವರಿಗೆ ಅಪಾಯದ (ಕ್ಯಾನ್ಸರ್) ಮಚ್ಚೆ ಜಾಸ್ತಿ ಬರುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಅಂಗಾಲನ್ನು ಯಾರು ತಿರುಗಿಸಿ ನೋಡುತ್ತಾರೆ, ಅಲ್ವಾ? ತಿಂಗಳಿಗೊಮ್ಮೆ ನೋಡಿಕೊಳ್ಳಿ, ಮನೆಯ ಹಿರಿಯರದ್ದನ್ನು ನೀವೇ ನೋಡಿ.